ಸಾಕೆಟ್ಟಿಗೆ ಸಿಕ್ಕಿಸುವ ವಿದ್ಯುತ್ ಮಾಪಕ: ಮೂರು ತಿಂಗಳ ಬಳಕೆಯ ನಂತರ

ಹತ್ತನೆಯ ತರಗತಿಯಲ್ಲಿರುವ ಮಗಳು ಓಮ್‌ನ ನಿಯಮದ ಲೆಕ್ಕಗಳನ್ನು ಪುಸ್ತಕದಲ್ಲಷ್ಟೇ ಬಿಡಿಸುತ್ತಿದ್ದುದನ್ನು ಕಂಡು, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಸುಮಾರು 900 ರೂಪಾಯಿಗೆ ಈ ಮಾಪಕವನ್ನು ತಂದೆ. ಇದನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ, ಇದರ ಮುಖದಲ್ಲಿರುವ ಸಾಕೆಟ್ಟಿಗೆ ಉಪಕರಣದ ಪಿನ್ ಹಾಕಿದರೆ ವೋಲ್ಟೇಜ್, ಆಂಪಿಯರ್, ವ್ಯಾಟ್, ಪವರ್ ಫ್ಯಾಕ್ಟರ್ (ವೋಲ್ಟೇಜ್ ಮತ್ತು ಆಂಪಿಯರಿನ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಆಗುವ ಪಾಲು) ಮತ್ತು ಖರ್ಚಾದ ಯೂನಿಟ್ಟುಗಳು ಕಾಣುತ್ತವೆ. ರೋಧವನ್ನು, ಎಂದರೆ ವಿದ್ಯುತ್ ಪ್ರವಾಹಕ್ಕೆ ಉಪಕರಣ ಒಡ್ಡುವ ತಡೆಯನ್ನು, ಮಾತ್ರ ತೋರಿಸುವುದಿಲ್ಲ; ಅದನ್ನು ನಾವೇ ಲೆಕ್ಕ ಹಾಕಬೇಕು. ನನಗೆ ಅದು ಕೊರತೆಯೆನಿಸಲಿಲ್ಲ, ಕೊಂಡದ್ದೇ ಅದಕ್ಕಾಗಿ.

ಮೊದಲ ಪರೀಕ್ಷೆ 230 ವೋಲ್ಟ್, 1000 ವ್ಯಾಟ್ ಎಂದು ಬರೆದಿರುವ ಇಸ್ತ್ರಿಪೆಟ್ಟಿಗೆಯದು. ಮಾಪಕ 218 ವೋಲ್ಟ್, 4.12 ಆಂಪಿಯರ್ ತೋರಿಸಿತು. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ 52.9 ಓಮ್, ಎರಡನ್ನೂ ಗುಣಿಸಿದರೆ ಸಾಮರ್ಥ್ಯ 898 ವ್ಯಾಟ್. ಪೆಟ್ಟಿಗೆಯ ಮೇಲಿನ ಬರಹದ ಪ್ರಕಾರ 230ರ ವರ್ಗವನ್ನು 1000ದಿಂದ ಭಾಗಿಸಿದರೂ ಅದೇ 52.9 ಬರುತ್ತದೆ. ಎಂದರೆ ಪೆಟ್ಟಿಗೆಯೂ ಸರಿಯಾಗಿದೆ, ಮಾಪಕವೂ ಸರಿಯಾಗಿದೆ, ಕಡಿಮೆಯಿದ್ದದ್ದು ನಮ್ಮ ಬೀದಿಯ ವೋಲ್ಟೇಜ್. ರೋಧ ಬದಲಾಗದಿದ್ದರೆ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುವುದರಿಂದ, ವೋಲ್ಟೇಜ್ 200ಕ್ಕೆ ಕುಸಿದ ಸಂಜೆ ಇದೇ ಪೆಟ್ಟಿಗೆಗೆ ಸುಮಾರು 756 ವ್ಯಾಟ್ ಮಾತ್ರ ದಕ್ಕುತ್ತದೆ. ಹತ್ತಿ ಬಟ್ಟೆಯ ಸುಕ್ಕು ಹೋಗದಿರುವುದು ಆಗಲೇ.

ಹಳೆಯ 60 ವ್ಯಾಟ್ ಬಲ್ಬ್ ಇನ್ನಷ್ಟು ಕಲಿಸಿತು. ಉರಿಯುವಾಗಿನ ಲೆಕ್ಕದಂತೆ ಅದರ ರೋಧ 880 ಓಮ್ ಸುತ್ತಮುತ್ತ. ಹೋಲ್ಡರಿನಿಂದ ಬಿಚ್ಚಿ, ತಣ್ಣಗಾದ ಮೇಲೆ ಮಲ್ಟಿಮೀಟರಿನಲ್ಲಿ ಅಳೆದಾಗ ಬರೀ 65. ಟಂಗ್‌ಸ್ಟನ್ ತಂತಿ ಕಾದಷ್ಟೂ ಅದರ ರೋಧ ಏರುತ್ತದೆ. ಸ್ವಿಚ್ ಹಾಕಿದ ಆ ಕ್ಷಣದಲ್ಲಿ ಪ್ರವಾಹ ಬಹಳ ಹೆಚ್ಚಾಗಿರುವುದರಿಂದಲೇ ಇಂಥ ಬಲ್ಬುಗಳು ಹೆಚ್ಚಾಗಿ ಹಾಕಿದ ಕೂಡಲೇ ಸುಟ್ಟುಹೋಗುತ್ತಿದ್ದವು. ಆದರೆ ಈ ಮಾಪಕದ ಅಂಕಿಗಳು ಬದಲಾಗಲು ಸುಮಾರು ಒಂದು ಸೆಕೆಂಡ್ ಬೇಕಾದ್ದರಿಂದ ಆ ಕ್ಷಣವನ್ನು ಇದು ಹಿಡಿಯಲಾರದು.

ನನ್ನ ಮುಖ್ಯ ತಕರಾರು ಎಲ್‌ಇಡಿ ಬಲ್ಬಿನ ವಿಷಯದಲ್ಲಿದೆ. 9 ವ್ಯಾಟಿನ ಬಲ್ಬಿಗೆ 225 ವೋಲ್ಟ್, 0.07 ಆಂಪಿಯರ್ ಎಂದು ಕಂಡಿತು, ಗುಣಿಸಿದರೆ 15.75, ಮಾಪಕ ತೋರಿಸಿದ್ದು 8.7 ವ್ಯಾಟ್. ಇಲ್ಲಿ ತಪ್ಪಿದ್ದು ಮಾಪಕವಲ್ಲ. ಬಲ್ಬಿನ ಪವರ್ ಫ್ಯಾಕ್ಟರ್ 0.55 ಇರುವಾಗ ಬರೀ ಗುಣಾಕಾರದಿಂದ ವ್ಯಾಟ್ ಸಿಗುವುದಿಲ್ಲ. ಆದರೆ ಜೊತೆಗೆ ಬಂದ ಕೈಪಿಡಿ, ಯಾವುದೇ ಉಪಕರಣದ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ಅದರ ರೋಧ ಸಿಗುತ್ತದೆ ಎಂದು ಸಲೀಸಾಗಿ ಬರೆದಿದೆ. ಎಲ್‌ಇಡಿಗೆ ಹಾಗೆ ಭಾಗಿಸಿ ಮಗಳು ಬರೆದಿಟ್ಟ 3214 ಓಮ್‌ಗೆ ಅರ್ಥವೇ ಇಲ್ಲ. ಅಲ್ಲದೆ ಆಂಪಿಯರಿನ ಕೊನೆಯ ಅಂಕಿ ಒಂದು ಹೆಚ್ಚುಕಡಿಮೆಯಾದರೂ 0.07ರಲ್ಲಿ ಶೇಕಡಾ 14ರಷ್ಟು ವ್ಯತ್ಯಾಸವಾಗುತ್ತದೆ, ಇಸ್ತ್ರಿಪೆಟ್ಟಿಗೆಯ 4.12ರಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಫೋನ್ ಚಾರ್ಜರಿಗೆ ಕೆಲವೊಮ್ಮೆ ಸೊನ್ನೆಯನ್ನೇ ತೋರಿಸುತ್ತದೆ.

ಹೊರಕವಚ ಗಟ್ಟಿಯಾಗಿದೆ, ಎರಡು ತಾಸು ಗೀಸರ್ ನಡೆಸಿದರೂ ಬಿಸಿಯಾಗಲಿಲ್ಲ. ಪಿನ್ ಮಾತ್ರ 16 ಆಂಪಿಯರಿನದು, ನಮ್ಮ ಮನೆಯಲ್ಲಿ ಅಂಥ ಸಾಕೆಟ್ ಇರುವುದು ಅಡುಗೆಮನೆ ಮತ್ತು ಬಚ್ಚಲುಮನೆಯಲ್ಲಷ್ಟೇ. ಪರದೆಗೆ ಹಿಂಬೆಳಕು ಇಲ್ಲದ ಕಾರಣ ಗೀಸರಿನ ವ್ಯಾಟ್ ಓದಲು ಸ್ಟೂಲ್ ಹತ್ತಿ ಟಾರ್ಚ್ ಹಿಡಿಯಬೇಕಾಯಿತು.