ಬಿಟ್ಟುಹೋದ ಪದಕಕ್ಕೆ ಅಮೆರಿಕದ ಸೈನಿಕ ದಾಖಲೆ ತಿದ್ದುಪಡಿ ಸೇವೆ: ಐದಕ್ಕೆ ನಾಲ್ಕು ಸ್ಟಾರ್

ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಐದನೆಯದು ಯಾಕಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಈ ಸೇವೆ ನಿಮ್ಮ ಪರವಾಗಿ ಸಾಕ್ಷಿ ಹುಡುಕುವುದಿಲ್ಲ. ಕಾಗದ ತಂದು ಮುಂದಿಟ್ಟರೆ ನೋಡುತ್ತಾರೆ, ಸರಿಯಾಗಿಯೇ ನೋಡುತ್ತಾರೆ. ಕಾಗದ ಇಲ್ಲ ಅಂದರೆ ನಿಮ್ಮ ಮೈಮೇಲೆ ಗಾಯದ ಕಲೆ ಇದ್ದರೂ ಪ್ರಯೋಜನ ಇಲ್ಲ. ಇಷ್ಟು ತಿಳಿದುಕೊಂಡು ಕೈ ಹಾಕಿದರೆ ಕೆಲಸ ಆಗುತ್ತದೆ, ಅದೂ ಒಂದು ಡಾಲರ್ ಖರ್ಚಿಲ್ಲದೆ.

ನಾನು ಅಮೆರಿಕದವರನ್ನು ಮದುವೆಯಾಗಿ ಇಲ್ಲೇ ನೆಲೆಸಿರುವವಳು. ಮಾವ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಡ್ರಾಫ್ಟ್ ಆಗಿ, ಅಂದರೆ ಕಡ್ಡಾಯ ಭರ್ತಿಯಲ್ಲಿ ಸೇರಿದ ಇನ್‌ಫಂಟ್ರಿ (ಕಾಲಾಳು ಪಡೆ) ಸೈನಿಕ, 1968ರ ಜುಲೈಯಿಂದ 1969ರ ಜುಲೈವರೆಗೆ ಅಲ್ಲಿದ್ದರು. ಪದಕದ ಮಾತು ತೆಗೆದರೆ ಎದ್ದು ಹುಲ್ಲು ಕತ್ತರಿಸಲು ಹೊರಗೆ ಹೋಗಿಬಿಡುತ್ತಿದ್ದ ಮನುಷ್ಯ. ಈ ಕೆಲಸಕ್ಕೆ ಅವರು ಒಪ್ಪಿದ್ದು ಪದಕದ ಆಸೆಗಲ್ಲ. ಪರ್ಪಲ್ ಹಾರ್ಟ್ ಅಂದರೆ ಶತ್ರುವಿನಿಂದ ಗಾಯಗೊಂಡವರಿಗೆ ಕೊಡುವ ಪದಕ. ಅದು ದಾಖಲೆಯಲ್ಲಿ ಇದ್ದವರಿಗೆ ಮಾಜಿ ಸೈನಿಕರ ವೆಟರನ್ಸ್ ಆಸ್ಪತ್ರೆಯಲ್ಲಿ ಆದ್ಯತೆ ಜಾಸ್ತಿ, ಮೂರನೇ ಗುಂಪಿಗೆ ಹಾಕುತ್ತಾರೆ, ಚಿಕಿತ್ಸೆಗೆ ಕೋ-ಪೇ (ರೋಗಿಯೇ ಕಟ್ಟಬೇಕಾದ ಪಾಲು) ಕೂಡ ಇರುವುದಿಲ್ಲ. ಈ ಲೆಕ್ಕ ಕೇಳಿದ ಮೇಲೆ ಹುಲ್ಲು ಕತ್ತರಿಸುವುದು ನಿಂತಿತು.

ಇಲ್ಲಿ ಸೈನ್ಯದಿಂದ ಹೊರಬರುವಾಗ ಡಿಡಿ 214 ಅನ್ನೋ ಬಿಡುಗಡೆ ಪತ್ರ ಕೊಡುತ್ತಾರೆ. ಸೈನಿಕನ ಇಡೀ ಸೇವೆ ಆ ಒಂದು ಹಾಳೆಯಲ್ಲಿ. ಮಾವನ ಕಾಲದ ನಮೂನೆಯಲ್ಲಿ ಪದಕಗಳು 24ನೇ ಕಾಲಂನಲ್ಲಿ ಇರುತ್ತವೆ. ಅವರದರಲ್ಲಿ ಇದ್ದದ್ದು ಮೂರೇ: ನ್ಯಾಷನಲ್ ಡಿಫೆನ್ಸ್ ಸರ್ವಿಸ್ ಮೆಡಲ್, ವಿಯೆಟ್ನಾಂ ಸರ್ವಿಸ್ ಮೆಡಲ್, ಕಾಂಬ್ಯಾಟ್ ಇನ್‌ಫಂಟ್ರಿಮನ್ ಬ್ಯಾಡ್ಜ್. ಉಳಿದದ್ದು ಖಾಲಿ. ಆಗಿನ ಪರಿಸ್ಥಿತಿ ನೋಡಿದರೆ ಆಶ್ಚರ್ಯ ಏನಿಲ್ಲ ಬಿಡಿ. ವಿಯೆಟ್ನಾಂನಿಂದ ಬಂದವರ ಸೇವೆ ಕೆಲವೇ ತಿಂಗಳು ಬಾಕಿ ಇದ್ದರೆ ವಿಮಾನ ಇಳಿದ ಒಂದೆರಡು ದಿನದಲ್ಲೇ ಬಿಡುಗಡೆ ಮಾಡಿ ಮನೆಗೆ ಕಳಿಸುತ್ತಿದ್ದರು. ಯಾರೋ ಒಬ್ಬ ಗುಮಾಸ್ತ ಟೈಪ್ ಮಾಡುತ್ತಿದ್ದ, ಈ ಹುಡುಗರಿಗೆ ಒಮ್ಮೆ ಮನೆ ಸೇರಿದರೆ ಸಾಕಾಗಿತ್ತು, 24ನೇ ಕಾಲಂ ಓದುವ ತಾಳ್ಮೆ ಯಾರಿಗಿತ್ತು?

ಮೊದಲು ಮಾಡಬೇಕಾದ್ದು ಪೂರ್ತಿ ಫೈಲ್ ತರಿಸುವುದು. ಬರೀ ಡಿಡಿ 214 ಅಲ್ಲ, ಇಡೀ ಫೈಲ್. ಅದು ಸೇಂಟ್ ಲೂಯಿಸ್‌ನ ನ್ಯಾಷನಲ್ ಪರ್ಸನೆಲ್ ರೆಕಾರ್ಡ್ಸ್ ಸೆಂಟರ್‌ನಲ್ಲಿ ಇರುತ್ತದೆ. ಸ್ಟ್ಯಾಂಡರ್ಡ್ ಫಾರ್ಮ್ 180 ತುಂಬಿ ಕಳಿಸಬಹುದು, ಆನ್‌ಲೈನ್‌ನಲ್ಲೂ ಕೇಳಬಹುದು. ಸೈನಿಕನಿಗೆ ಪುಕ್ಕಟೆ. ಅವರು ತೀರಿಕೊಂಡಿದ್ದರೆ ಗಂಡ ಅಥವಾ ಹೆಂಡತಿ (ಮತ್ತೆ ಮದುವೆಯಾಗಿರಬಾರದು), ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು ಕೇಳಬಹುದು. ಸೊಸೆ ಈ ಪಟ್ಟಿಯಲ್ಲಿಲ್ಲ, ಮೊಮ್ಮಕ್ಕಳೂ ಇಲ್ಲ. ಹಾಗಾಗಿ ಓಡಾಟ ಎಲ್ಲ ನನ್ನದು, ಸಹಿ ಎಲ್ಲ ಮಾವನದು. ಬಿಡುಗಡೆಯಾಗಿ 62 ವರ್ಷ ಕಳೆದ ಫೈಲ್‌ಗಳು ಮಾತ್ರ ಸಾರ್ವಜನಿಕ ದಾಖಲೆ, ಅವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ತರಿಸಬಹುದು.

ಇಲ್ಲೊಂದು ಎಚ್ಚರಿಕೆ. ನಾನು ಇದಕ್ಕೆ ಇಳಿಯುವ ಮೊದಲು ನನ್ನ ಗಂಡ ಒಂದು ಖಾಸಗಿ ಸಂಸ್ಥೆಗೆ ದುಡ್ಡು ಕಟ್ಟಿದ್ದರು. ಎಕ್ಸ್‌ಪ್ರೆಸ್ ಸೇವೆ, ಪದಕದ ಸಂಶೋಧನೆ, ಏನೇನೋ ದೊಡ್ಡ ಮಾತು. ಹೆಸರು ಹೇಳುವುದಿಲ್ಲ, ಅಂಥವು ಬೇಕಾದಷ್ಟಿವೆ. ಅವರು ಮಾಡಿದ ಕೆಲಸ ಏನು ಗೊತ್ತಾ? ಅದೇ ಫಾರ್ಮ್ 180ರಲ್ಲಿ ಮಾವನ ಹೆಸರು, ಸರ್ವಿಸ್ ನಂಬರ್ ತುಂಬಿ, ಸಹಿ ಮಾಡಿ ನೀವೇ ಕಳಿಸಿ ಅಂತ ವಾಪಸ್ ಇಮೇಲ್ ಮಾಡಿದ್ದು. ಸಂಶೋಧನೆ ಎಲ್ಲಿ ಅಂದರೆ ಉತ್ತರ ಇಲ್ಲ. ಇವರಿಗೆ ಸೊನ್ನೆ ಸ್ಟಾರ್. ಸಹಾಯ ಬೇಕೇಬೇಕು ಅಂದರೆ ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯು, ಡಿಎವಿ ಮುಂತಾದ ಮಾಜಿ ಸೈನಿಕರ ಸಂಘಗಳಿವೆ. ಅಲ್ಲಿ ಇದೇ ಕೆಲಸ ಗೊತ್ತಿರುವ ಪ್ರತಿನಿಧಿಗಳು ಇರುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಫೈಲ್ ಬಂದ ಮೇಲೆ ಡಿಡಿ 214 ಪಕ್ಕಕ್ಕಿಟ್ಟು ಡಿಎ ಫಾರ್ಮ್ 20 ಹುಡುಕಿ. ಕಂಪನಿ (ಅಂದರೆ ಸೈನ್ಯದ ತುಕಡಿ) ಗುಮಾಸ್ತರು ಕಾಲಕಾಲಕ್ಕೆ ತುಂಬುತ್ತಿದ್ದ ಕಾರ್ಡ್ ಅದು. ಅರ್ಧ ಟೈಪ್, ಅರ್ಧ ಪೆನ್ನು, ಅಲ್ಲಲ್ಲಿ ಒಂದರ ಮೇಲೊಂದು ಬರೆದ ಅಕ್ಷರ. ಪ್ರತಿಗೆ ಪ್ರತಿ ತೆಗೆದು ಮಸುಕಾಗಿದ್ದರಿಂದ ನಾನು ಫೋನ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. 38ನೇ ಕಾಲಂನಲ್ಲಿ ಯಾವ ತಾರೀಖಿಗೆ ಯಾವ ಯೂನಿಟ್, ಏನು ಕೆಲಸ, ನಡತೆ ಹೇಗೆ, ದಕ್ಷತೆ ಹೇಗೆ ಅಂತ ಸಾಲುಸಾಲಾಗಿ ಇರುತ್ತದೆ. ಮಾವನಿಗೆ ಎಲ್ಲ ಸಾಲಲ್ಲೂ 'ಎಕ್ಸಲೆಂಟ್'. ನಡುವೆ ಒಂದು ಸಾಲಲ್ಲಿ ಕೆಲಸದ ಜಾಗದಲ್ಲಿ 'ಪೇಷಂಟ್' ಅಂತ ಬರೆದು ಒಂದು ಆಸ್ಪತ್ರೆಯ ಹೆಸರು. 40ನೇ ಕಾಲಂ ಗಾಯಗಳದ್ದು, ಅದು ಖಾಲಿ. ಆಸ್ಪತ್ರೆಗೆ ಹೋದದ್ದು ಬರೆದಿದ್ದಾರೆ, ಯಾಕೆ ಹೋದರು ಅಂತ ಬರೆದಿಲ್ಲ! ಮೋರ್ಟಾರ್ ಚೂರು ತೋಳಿಗೆ ಹೊಕ್ಕ ಮನುಷ್ಯ ನೆಗಡಿಗೆ ಮಲಗಿದ್ದರು ಅಂದುಕೊಳ್ಳಬೇಕು ಅಲ್ವಾ.

ಈ ಕಾರ್ಡ್ ಮತ್ತು ತಾರೀಖುಗಳನ್ನು ಇಟ್ಟುಕೊಂಡು ಕೂತರೆ ಏನೇನು ಬಿಟ್ಟುಹೋಗಿದೆ ಅಂತ ನಿಮಗೇ ಗೊತ್ತಾಗುತ್ತದೆ. ವಿಯೆಟ್ನಾಂ ಸರ್ವಿಸ್ ಮೆಡಲ್ ಇದ್ದವರಿಗೆ ಅವರು ಭಾಗವಹಿಸಿದ ಪ್ರತಿ ಕಾರ್ಯಾಚರಣೆಗೆ ಒಂದು ಕಂಚಿನ ಪುಟ್ಟ ನಕ್ಷತ್ರ ರಿಬ್ಬನ್ ಮೇಲೆ ಬರುತ್ತದೆ. ಸೈನ್ಯ ಆ ಯುದ್ಧವನ್ನು 17 ಕಾರ್ಯಾಚರಣೆಗಳಾಗಿ, ತಾರೀಖಿನ ಪ್ರಕಾರ ವಿಂಗಡಿಸಿದೆ. ಉದಾಹರಣೆಗೆ 1969ರ ಟೆಟ್ ಪ್ರತಿದಾಳಿ ಫೆಬ್ರವರಿ 23ರಿಂದ ಜೂನ್ 8ರವರೆಗೆ. ಮಾವ ಇದ್ದ ಅವಧಿ ನಾಲ್ಕಕ್ಕೆ ತಾಗುತ್ತದೆ, ಅಂದರೆ ನಾಲ್ಕು ನಕ್ಷತ್ರ. ಡಿಡಿ 214ರಲ್ಲಿ ಒಂದೂ ಇಲ್ಲ.

ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ದಕ್ಷಿಣ ವಿಯೆಟ್ನಾಂ ಸರ್ಕಾರ ಕೊಟ್ಟ ಗ್ಯಾಲಂಟ್ರಿ ಕ್ರಾಸ್ ಯೂನಿಟ್ ಸೈಟೇಷನ್ (ಇಡೀ ಯೂನಿಟ್‌ಗೆ ಸಲ್ಲುವ ಶೌರ್ಯ ಗೌರವ) ಇದೆಯಲ್ಲ, ಅದನ್ನು ಸೈನ್ಯದ 1974ರ ಜನರಲ್ ಆರ್ಡರ್ 8ರಲ್ಲಿ ಅಲ್ಲಿದ್ದ ಯುಎಸ್ ಆರ್ಮಿ ವಿಯೆಟ್ನಾಂನ ಅಧೀನ ಯೂನಿಟ್‌ಗಳಿಗೆಲ್ಲ ಒಟ್ಟಿಗೆ ಘೋಷಿಸಿದರು. 1969ರಲ್ಲಿ ಬಿಡುಗಡೆಯಾದವರ ಹಾಳೆಯಲ್ಲಿ 1974ರ ಆದೇಶ ಹೇಗೆ ಬರಬೇಕು? ಯಾರಾದರೂ ಅರ್ಜಿ ಹಾಕಿದರೆ ಮಾತ್ರ ಸೇರಿಸುತ್ತಾರೆ. ಎಷ್ಟೋ ಜನ ಕೇಳದೆ ಸುಮ್ನೆ ಹೋಗಿಬಿಟ್ಟಿದ್ದಾರೆ.

ಗುಡ್ ಕಾಂಡಕ್ಟ್ ಮೆಡಲ್ ಕೂಡ ಹಾಗೆಯೇ. ಮೂರು ವರ್ಷ ಸೇವೆ ಬೇಕು ಅಂತ ಮಾವ ನಂಬಿಕೊಂಡಿದ್ದರು. ಆದರೆ ಮೊದಲ ಸಲಕ್ಕೆ, ಸೇವೆ ಮುಗಿಸಿ ಹೊರಡುವಾಗ ಒಂದು ವರ್ಷ ದಾಟಿದ್ದು ನಡತೆ ಚೆನ್ನಾಗಿದ್ದರೆ ಸಾಕು. ಆ 38ನೇ ಕಾಲಂನ 'ಎಕ್ಸಲೆಂಟ್'ಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಇಂಥ ಸುಲಭದವಕ್ಕೆ ದಾಖಲೆ ತಿದ್ದುಪಡಿ ಬೋರ್ಡ್‌ವರೆಗೆ ಹೋಗುವುದೇ ಬೇಡ ಅನ್ನಬಹುದು. ಪದಕದ ಅರ್ಜಿ ಕೊಟ್ಟರೆ ಫೈಲ್ ನೋಡಿ ತಾಳೆ ಹಾಕುತ್ತಾರೆ. ಹಳೆಯ ಡಿಡಿ 214 ತಿದ್ದುವುದಿಲ್ಲ, ಡಿಡಿ 215 ಅಂತ ತಿದ್ದುಪಡಿ ಹಾಳೆ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ಮಾವನಿಗೆ ಹೀಗೇ ಆಯಿತು. ಪದಕಗಳು ಬೇರೆ ಪಾರ್ಸೆಲ್‌ನಲ್ಲಿ ಬಂದವು, ಭೂಸೇನೆಯವು ಫಿಲಡೆಲ್ಫಿಯಾದಿಂದ ಬರುತ್ತವೆ. ವಿಯೆಟ್ನಾಂ ಪದಕ ಕೈಯಲ್ಲಿ ಹಿಡಿದು ನೋಡಿದರೆ ಚೆನ್ನಾಗಿದೆ: ಬಿದಿರ ಮೆಳೆಯ ಹಿಂದೆ ಡ್ರ್ಯಾಗನ್, ಹಿಂಬದಿಯಲ್ಲಿ ಅಡ್ಡಬಿಲ್ಲು, ಹಳದಿ ರಿಬ್ಬನ್, ನಡುವೆ ಮೂರು ಕೆಂಪು ಗೆರೆ, ಅಂಚಿಗೆ ಹಸಿರು. ನಕ್ಷತ್ರಗಳು ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಅವನ್ನು ರಿಬ್ಬನ್‌ಗೆ ಚುಚ್ಚುವಷ್ಟರಲ್ಲಿ ನನ್ನ ಬೆರಳಿಗೂ ಚುಚ್ಚಿದ್ದಾಯಿತು. ವಿಯೆಟ್ನಾಂ ಕ್ಯಾಂಪೇನ್ ಮೆಡಲ್ ಅಂತ ಇನ್ನೊಂದಿದೆ, ಅದು ದಕ್ಷಿಣ ವಿಯೆಟ್ನಾಂ ಸರ್ಕಾರದ್ದು. ದಾಖಲೆಯಲ್ಲಿ ಸೇರಿಸುತ್ತಾರೆ ಹೊರತು ಪದಕ ಕಳಿಸುವುದಿಲ್ಲ, ಅಂಗಡಿಯಲ್ಲಿ ಕೊಳ್ಳಬೇಕು. ಪಾರ್ಸೆಲ್‌ನಲ್ಲಿ ಅದು ಕಾಣಲಿಲ್ಲ ಅಂತ ಜಗಳಕ್ಕೆ ಹೋಗಬೇಡಿ.

ಈಗ ಕಷ್ಟದ್ದು. ಪರ್ಪಲ್ ಹಾರ್ಟ್.

ಇದಕ್ಕೆ ಮೂರು ತೋರಿಸಬೇಕು: ಗಾಯ ಆಗಿದ್ದು ಶತ್ರುವಿನ ಕೈಯಿಂದ, ಅದಕ್ಕೆ ವೈದ್ಯರ ಚಿಕಿತ್ಸೆ ಬೇಕಾಯಿತು, ಆ ಚಿಕಿತ್ಸೆ ದಾಖಲಾಗಿದೆ. ಕಾಗದ ಸಿಗದಿದ್ದರೆ ದಾಖಲೆ ತಿದ್ದುಪಡಿ ಬೋರ್ಡ್‌ಗೆ ಹೋಗಬೇಕು. ಭೂಸೇನೆಗೆ ಒಂದು ಬೋರ್ಡ್, ವಾಯುಸೇನೆಗೆ ಒಂದು, ನೌಕಾಸೇನೆ ಮತ್ತು ಮರೀನ್‌ಗಳಿಗೆ ಸೇರಿ ಒಂದು, ಕೋಸ್ಟ್ ಗಾರ್ಡ್‌ಗೆ ಬೇರೆ. ಅರ್ಜಿ ಡಿಡಿ 149. ಮೊದಲೆಲ್ಲ ಒಬ್ಬೊಬ್ಬ ಸೈನಿಕನ ದಾಖಲೆ ಸರಿಮಾಡಲು ಸಂಸತ್ತಿನಲ್ಲೇ ಖಾಸಗಿ ಮಸೂದೆ ತರಬೇಕಿತ್ತಂತೆ, ಆ ತಲೆನೋವು ತಪ್ಪಿಸಲು 1946ರಲ್ಲಿ ಕಾನೂನು ಮಾಡಿ ಈ ವ್ಯವಸ್ಥೆ ತಂದರು. ತೀರ್ಪು ಕೊಡುವವರು ಸಮವಸ್ತ್ರದವರಲ್ಲ, ಸಿವಿಲಿಯನ್ನರು. ಇದು ನನಗೆ ಹಿಡಿಸಿತು.

ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು ಅನ್ನೋದು ನಿಯಮ. ಐವತ್ತು ವರ್ಷ ಆಯಿತಲ್ಲ, ಇನ್ನೇನು ಅಂತ ಕೈಬಿಡಬೇಡಿ. ನ್ಯಾಯದ ದೃಷ್ಟಿಯಿಂದ ಬೋರ್ಡ್ ಆ ಗಡುವನ್ನು ಮನ್ನಾ ಮಾಡಬಹುದು, ಕಾನೂನಿನಲ್ಲೇ ಅವಕಾಶ ಇದೆ. ತಡ ಯಾಕಾಯಿತು ಅಂತ ಫಾರ್ಮ್‌ನಲ್ಲಿ ನಾಲ್ಕು ಸಾಲು ನೇರವಾಗಿ ಬರೆದರೆ ಸಾಕು, ಕಣ್ಣೀರು ಬೇಡ.

ಬೋರ್ಡ್‌ನವರು ಶುರು ಮಾಡುವುದೇ 'ಸೈನ್ಯ ಮಾಡಿದ್ದು ಸರಿ' ಅನ್ನೋ ಊಹೆಯಿಂದ. ತಪ್ಪು ಅಂತ ತೋರಿಸುವ ಹೊಣೆ ನಮ್ಮದು. ನಾವು ತನಿಖಾ ಸಂಸ್ಥೆ ಅಲ್ಲ ಅಂತ ಅವರೇ ಹೇಳುತ್ತಾರೆ. ನಾನು ಕಟ್ ಮಾಡಿದ ಸ್ಟಾರ್ ಇದಕ್ಕೇ. ಕಾಗದವೆಲ್ಲ ಸರ್ಕಾರದ ಉಗ್ರಾಣಗಳಲ್ಲೇ ಬಿದ್ದಿದೆ, ಅದನ್ನು ಎಂಬತ್ತರ ಹತ್ತಿರದ ಮುದುಕರು ಹುಡುಕಿ ತಂದು ಮತ್ತೆ ಸರ್ಕಾರಕ್ಕೇ ತೋರಿಸಬೇಕು. ಇದು ಯಾವ ಸೀಮೆ ನ್ಯಾಯ?

ಎಲ್ಲಿ ಹುಡುಕಬೇಕು ಅಂದರೆ, ಮೊದಲು ಆಸ್ಪತ್ರೆ. ಒಳರೋಗಿಯಾಗಿ ಮಲಗಿದ್ದವರ ಚಿಕಿತ್ಸಾ ದಾಖಲೆ ಸೈನಿಕನ ಫೈಲ್ ಜೊತೆ ಇರುವುದಿಲ್ಲ, ಆಸ್ಪತ್ರೆಯ ಹೆಸರಿನಡಿ ಬೇರೆಯಾಗಿ ಇಟ್ಟಿರುತ್ತಾರೆ. ಹೆಸರು ಮತ್ತು ವರ್ಷ ಹೇಳಿ ಪ್ರತ್ಯೇಕವಾಗಿ ಕೇಳಬೇಕು. 'ನನ್ನ ಎಲ್ಲ ದಾಖಲೆ ಕಳಿಸಿ' ಅಂದರೆ ಅದು ಬರುವುದಿಲ್ಲ. ಕಾರ್ಡ್‌ನಲ್ಲಿ ಕಂಡ ಆ 'ಪೇಷಂಟ್' ಸಾಲಿನ ಬೆಲೆ ನನಗೆ ಗೊತ್ತಾಗಿದ್ದು ಆಗಲೇ. ಎರಡನೆಯದು ಕಂಪನಿಯ ಮಾರ್ನಿಂಗ್ ರಿಪೋರ್ಟ್, ಅವತ್ತು ಯಾರು ಹಾಜರು, ಯಾರು ಆಸ್ಪತ್ರೆಗೆ ಹೋದರು ಅಂತ ದಿನಾ ಬರೆಯುತ್ತಿದ್ದದ್ದು. ಮೂರನೆಯದು ಯೂನಿಟ್‌ನ ದಿನಚರಿ, ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ವಿಯೆಟ್ನಾಂ ಯೂನಿಟ್‌ಗಳದ್ದು ರಾಶಿ ರಾಶಿ ಇವೆ. ಅಂದು ಆ ಜಾಗದಲ್ಲಿ ಮೋರ್ಟಾರ್ ದಾಳಿ ಆಯಿತು ಅಂತ ಅದರಲ್ಲಿದ್ದರೆ ಆಸ್ಪತ್ರೆ ಕಾಗದದ ಜೊತೆ ತಾಳೆಯಾಗುತ್ತದೆ. ಜೊತೆಗಿದ್ದ ಸೈನಿಕರ ಹೇಳಿಕೆಯನ್ನೂ ಸೇರಿಸಿ, ಆದರೆ ಬರೀ ಹೇಳಿಕೆಯ ಮೇಲೆ ನಿಂತ ಅರ್ಜಿ ಬಹಳ ಸಲ ಬಿದ್ದುಹೋಗುತ್ತದೆ.

ಇದು ನನಗೆ ಹೇಗೆ ಗೊತ್ತು ಅಂದರೆ, ಬೋರ್ಡ್‌ಗಳ ಹಳೆಯ ತೀರ್ಪುಗಳು ಹೆಸರು ಅಳಿಸಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ಇಡೀ ಸೇವೆಯಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದದ್ದು ಅದೇ. ನಿಮ್ಮಂಥದ್ದೇ ಕೇಸ್ ಹುಡುಕಿ, ಗೆದ್ದವರು ಏನು ಕೊಟ್ಟಿದ್ದರು, ಸೋತವರ ಹತ್ತಿರ ಏನಿರಲಿಲ್ಲ ಅಂತ ಓದಿ. ಸಂಜೆ ಅಡುಗೆ ಮುಗಿಸಿ ಓದಲು ಕೂತರೆ ಧಾರಾವಾಹಿ ಬೇಡ ಅನ್ನಿಸುತ್ತಿತ್ತು.

ಎರಡನೇ ಮಹಾಯುದ್ಧ ಅಥವಾ ಕೊರಿಯಾ ಯುದ್ಧಕ್ಕೆ ಹೋದವರ ಮನೆಯವರಿಗೆ ಇನ್ನೊಂದು ತೊಡಕಿದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಕಟ್ಟಡಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಫೈಲ್ ಸುಟ್ಟುಹೋದವು. 1912ರ ನವೆಂಬರ್‌ನಿಂದ 1960ರ ಜನವರಿಯೊಳಗೆ ಬಿಡುಗಡೆಯಾದ ಭೂಸೇನೆಯವರದ್ದು ಸುಮಾರು 80 ಶೇಕಡಾ ಹೋಯಿತು. ವಾಯುಸೇನೆಯದರಲ್ಲಿ 1947ರಿಂದ 1964ರವರೆಗಿನ ಫೈಲ್‌ಗಳ ಪೈಕಿ ಅಕಾರಾದಿಯಲ್ಲಿ ಹಬ್ಬರ್ಡ್ ಅನ್ನೋ ಹೆಸರಿನ ಮುಂದಿನವುಗಳಲ್ಲಿ ಸುಮಾರು 75 ಶೇಕಡಾ ಸುಟ್ಟವು. ಹೆಸರು 'ಎ' ಅಕ್ಷರದಿಂದ ಶುರುವಾದವರು ಪುಣ್ಯವಂತರು. ನಕಲು ಪ್ರತಿ ಇರಲಿಲ್ಲ. ಆದರೂ ಪೂರ್ತಿ ಬಾಗಿಲು ಮುಚ್ಚಿಲ್ಲ, ಮಾರ್ನಿಂಗ್ ರಿಪೋರ್ಟ್, ಸಂಬಳದ ದಾಖಲೆ, 1942-45 ಮತ್ತು 1950-54ರ ಆಸ್ಪತ್ರೆ ದಾಖಲಾತಿ ಪಟ್ಟಿ ಇವುಗಳಿಂದ ಮತ್ತೆ ಕಟ್ಟುತ್ತಾರೆ. ಮತ್ತೆ, ನಿಮ್ಮವರಿಗೆ ಎರಡನೇ ಮಹಾಯುದ್ಧದಲ್ಲಿ ಕಾಂಬ್ಯಾಟ್ ಇನ್‌ಫಂಟ್ರಿಮನ್ ಬ್ಯಾಡ್ಜ್ ಸಿಕ್ಕಿದ್ದರೆ ಅದರ ಆಧಾರದ ಮೇಲೆಯೇ ಬ್ರಾಂಜ್ ಸ್ಟಾರ್ ಪದಕ (ರಿಬ್ಬನ್ ಮೇಲಿನ ಕಂಚಿನ ಪುಟ್ಟ ನಕ್ಷತ್ರವಲ್ಲ, ಇದು ಬೇರೆ) ಕೇಳಬಹುದು, ಯುದ್ಧ ಮುಗಿದ ಮೇಲೆ ಮಾಡಿದ ನಿಯಮ ಅದು. ತಾತನ ಹಳೆ ಪೆಟ್ಟಿಗೆಯಲ್ಲಿ ನೀಲಿ ಹಿನ್ನೆಲೆಯ ಉದ್ದ ಬಂದೂಕಿನ ಬ್ಯಾಡ್ಜ್ ಇದ್ದರೆ ಬಿಡಬೇಡಿ.

ಸಮಯದ ಬಗ್ಗೆ ಕೇಳುವವರಿಗೆ: ಬೋರ್ಡ್‌ಗಳು ನೂರಕ್ಕೆ 90 ಕೇಸ್ 10 ತಿಂಗಳಲ್ಲಿ, ಎಲ್ಲವನ್ನೂ 18 ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನೇ ಇದೆ. ಕೋವಿಡ್ ಕಾಲದಲ್ಲಿ ಸೇಂಟ್ ಲೂಯಿಸ್‌ನಲ್ಲಿ ಬಾಕಿ ಅರ್ಜಿ 6 ಲಕ್ಷ ಮೀರಿತ್ತು, ಅದನ್ನು 2024ರ ಹೊತ್ತಿಗೆ ತೀರಿಸಿದರು. ಹಾಗಾಗಿ ಹಳೆಯ ಬೈಗುಳದ ರಿವ್ಯೂ ಓದಿ ಹೆದರಬೇಕಿಲ್ಲ.

ಮಾವನ ಪರ್ಪಲ್ ಹಾರ್ಟ್ ಅರ್ಜಿ ಸದ್ಯ ಬೋರ್ಡ್ ಮುಂದಿದೆ. ಆಸ್ಪತ್ರೆಯ ಕಾಗದ ಸಿಕ್ಕಿದೆ, ಅದರಲ್ಲಿ ಲೋಹದ ಚೂರು ತೆಗೆದದ್ದು ಸ್ಪಷ್ಟವಾಗಿದೆ. ಆ ದಿನದ ದಿನಚರಿಯ ಪುಟವನ್ನೂ ಜೊತೆಗೆ ಹಾಕಿದ್ದೇವೆ. ತೀರ್ಪು ಬಂದ ಮೇಲೆ ಈ ರಿವ್ಯೂಗೆ ಸೇರಿಸುತ್ತೇನೆ, ಸ್ಟಾರ್ ಏರಬಹುದು, ಇಳಿಯಲೂಬಹುದು. ಅಷ್ಟರೊಳಗೆ ಯಾರಾದರೂ ಶುರು ಮಾಡುವುದಾದರೆ ಅಸಲು ಕಾಗದ ಯಾವುದನ್ನೂ ಅಂಚೆಗೆ ಹಾಕಬೇಡಿ, ಎಲ್ಲದರದ್ದೂ ಪ್ರತಿ ಕಳಿಸಿ.