ಹಂಪಿಗೆ ಇಬ್ಬರೇ ಹೊರಟರೆ: ಹೊಸಪೇಟೆಯಲ್ಲಿ ಉಳಿಯೋದಾ, ಆನೆಗೊಂದಿಯಲ್ಲಾ?

ಹಂಪಿಗೆ ನಾವಿಬ್ಬರೇ ಎರಡು ಸಲ ಹೋಗಿ ಬಂದಿದ್ದೇವೆ. ಮೊದಲ ಸಲ 2019ರ ಡಿಸೆಂಬರ್‌ನಲ್ಲಿ, ಮದುವೆಯಾಗಿ ಎಂಟು ತಿಂಗಳಾಗಿತ್ತು. ಆಗ ರೂಮ್ ಮಾಡಿದ್ದು ಹೊಸಪೇಟೆಯಲ್ಲಿ. ಎರಡನೇ ಸಲ ಕಳೆದ ಜನವರಿ, ಮಗಳನ್ನು ಅಮ್ಮನ ಹತ್ತಿರ ಬಿಟ್ಟು. ಆಗ ಉಳಿದದ್ದು ತುಂಗಭದ್ರಾ ಹೊಳೆಯಾಚೆ, ಆನೆಗೊಂದಿಯಲ್ಲಿ ಊರಿನವರ ಮನೆಯೊಂದರಲ್ಲಿ. ಎರಡೂ ಸಲ ಎರಡೇ ರಾತ್ರಿ. ನೋಡಿದ ಗುಡಿ, ಗೋಪುರ ಹೆಚ್ಚುಕಡಿಮೆ ಅವೇ. ಆದರೂ ಬೇರೆ ಬೇರೆ ಊರಿಗೆ ಹೋಗಿ ಬಂದ ಹಾಗಾಯಿತು. ಯಾರಾದರೂ ಹಂಪಿಗೆ ಹೊರಟರೆ "ಎಲ್ಲಿ ಉಳಿಯೋದು ಹೇಳು" ಅಂತ ನನ್ನನ್ನೇ ಕೇಳುತ್ತಾರೆ. ಪ್ರತಿ ಸಲ ಫೋನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಈಗ ಬರೆದಿಡುತ್ತಿದ್ದೇನೆ.

ತಲುಪೋ ವಿಷಯದಲ್ಲಿ ಹೊಸಪೇಟೆಯೇ ಮೇಲು, ಅದರಲ್ಲಿ ವಾದವೇ ಇಲ್ಲ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಿಗ್ಗೆ ಹೊಸಪೇಟೆ. ಆಟೋದಲ್ಲಿ ಐದು ನಿಮಿಷಕ್ಕೆ ಲಾಡ್ಜು, ಬಿಸಿನೀರಿನ ಸ್ನಾನ, ಹೊರಗೆ ಬಂದರೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಮಿರ್ಚಿ. ಅಲ್ಲಿಂದ ಹಂಪಿಗೆ 13 ಕಿಲೋಮೀಟರ್, ಬಸ್ಸು ಆಗಾಗ ಇದೆ. ಆನೆಗೊಂದಿಗೆ ಹಾಗಲ್ಲ. ಅದೇ ರೈಲು ಇಳಿದು, ಕಣ್ಣುಜ್ಜಿಕೊಂಡು, ಆಟೋದವರ ಹತ್ತಿರ ಚೌಕಾಸಿ ಮಾಡಿ, ಬುಕ್ಕಸಾಗರದ ಕಡೆಯ ಸೇತುವೆ ದಾಟಿ ಹೋಗಬೇಕು. ಹೊಳೆಯ ಈಚೆ ವಿಜಯನಗರ ಜಿಲ್ಲೆ, ಆಚೆ ಕೊಪ್ಪಳ ಜಿಲ್ಲೆ. ಮನೆ ಮುಟ್ಟುವಾಗ ನನಗೆ ಹಸಿವು, ಇವರಿಗೆ ಸಿಟ್ಟು.

ಹೊಸಪೇಟೆ ಲಾಡ್ಜಿನಲ್ಲಿ ಒಂದು ತಮಾಷೆ ನಡೆಯಿತು. ನನ್ನ ಆಧಾರ್‌ನಲ್ಲಿ ಇನ್ನೂ ಅಪ್ಪನ ಮನೆ ವಿಳಾಸವೇ ಇತ್ತು. ಕೌಂಟರ್‌ನಲ್ಲಿದ್ದವರು ಇಬ್ಬರ ಕಾರ್ಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೂರು ಸಲ ನೋಡಿದರು. "ಮದ್ವಿ ಫೋಟೋ ಏನರ ಐತೇನ್ರಿ ಸಾರ್?" ಇವರು ಮೊಬೈಲ್ ತಡಕಾಡಿ ಧಾರೆಯ ಫೋಟೋ ತೆಗೆದರು. ಅವರು ಎರಡು ಬೆರಳಲ್ಲಿ ದೊಡ್ಡದು ಮಾಡಿ, ನನ್ನ ಮುಖ ನೋಡಿ, ಮತ್ತೆ ಫೋಟೋ ನೋಡಿ ಕೀ ಕೊಟ್ಟರು. ಈಗ ನಗು ಬರುತ್ತದೆ, ಆವತ್ತು ಬಂದಿರಲಿಲ್ಲ. ಹೊಸದಾಗಿ ಮದುವೆಯಾದವರು ಫೋನ್ ಮಾಡುವಾಗಲೇ ಯಾವ ಗುರುತಿನ ಚೀಟಿ ಬೇಕು ಅಂತ ಕೇಳಿಬಿಡಿ. ಆನೆಗೊಂದಿಯಲ್ಲಿ ನಾವು ಉಳಿದ ಮನೆಯ ಅಮ್ಮ ಆಧಾರ್‌ನ ಫೋಟೋ ತೆಗೆದುಕೊಂಡು ಕೇಳಿದ್ದು ಒಂದೇ: "ಮಕ್ಕಳು ಎಷ್ಟವ್ವಾ? ಯಾಕ ಕರ್ಕೊಂಡು ಬರ್ಲಿಲ್ಲ?"

ಈಗ ತಿರುಗಾಟ. ಮೊದಲ ಸಲ ದಿನಕ್ಕೆ 1500 ಅಂತ ಮಾತಾಡಿ ಆಟೋ ಹಿಡಿದೆವು. ಆಟೋದಣ್ಣನಿಗೆ ಒಂದು ಪಟ್ಟಿ ಬಾಯಿಪಾಠ. ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ, ಕೃಷ್ಣ ದೇವಸ್ಥಾನ, ಉಗ್ರ ನರಸಿಂಹ, ಬಡವಿ ಲಿಂಗ, ಕಮಲ ಮಹಲ್, ಆನೆ ಲಾಯ, ಹಜಾರ ರಾಮ, ಮಹಾನವಮಿ ದಿಬ್ಬ, ರಾಣಿ ಸ್ನಾನಗೃಹ, ಕೊನೆಗೆ ವಿಜಯ ವಿಠ್ಠಲ. ಪ್ರತಿ ಕಡೆ ಇಳಿಸಿ "ಅಕ್ಕಾರ, ಹತ್ತ್ ನಿಮಿಷ ನೋಡ್ರಿ, ಬರ್ರಿ" ಅನ್ನುತ್ತಿದ್ದರು. ಅವರ ತಪ್ಪೇನಿಲ್ಲ. ಒಂದೇ ದಿನದಲ್ಲಿ ಅಷ್ಟೂ ಮುಗಿಯಬೇಕೆಂದರೆ ಹಾಗೇ ಓಡಬೇಕು. 6.7 ಮೀಟರ್ ಎತ್ತರದ ನರಸಿಂಹನ ಮುಂದೆ ನಾವು ನಿಂತದ್ದು ಎರಡು ಫೋಟೋ ತೆಗೆಯುವಷ್ಟು ಹೊತ್ತು. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ್ದು, ಒಂದೇ ಬಂಡೆಯದ್ದು ಅಂತೆಲ್ಲ ಫಲಕ ಓದಿದ್ದು ಆಟೋ ಹತ್ತಿದ ಮೇಲೆ, ಫೋಟೋದಲ್ಲಿ.

ಅವಸರದಲ್ಲಿ ಇನ್ನೊಂದು ಪೆಟ್ಟು ಬಿತ್ತು. ವಿಠ್ಠಲ ದೇವಸ್ಥಾನದ 40 ರೂಪಾಯಿ ಟಿಕೆಟ್ಟು ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ಮ್ಯೂಸಿಯಮ್ಮಿಗೂ ನಡೆಯುತ್ತದೆ. ಟಿಕೆಟ್ ಬಿಸಾಡಬಾರದು ಅಷ್ಟೇ. ನಾವು ಬಿಸಾಡಲಿಲ್ಲ, ಆದರೆ ಮ್ಯೂಸಿಯಮ್ಮಿನ ಬಾಗಿಲಿಗೆ ಹೋದರೆ ಬೀಗ. ಆವತ್ತು ಶುಕ್ರವಾರ. ಶುಕ್ರವಾರ ಅದಕ್ಕೆ ರಜೆ. ಇಡೀ ಹಂಪಿಯನ್ನು ಗುಡ್ಡ, ಹೊಳೆ ಸಮೇತ ಪುಟ್ಟದಾಗಿ ಮಾಡಿಟ್ಟಿರುವ ಮಾದರಿ ಇರುವುದು ಅಲ್ಲೇ. ಅದನ್ನು ಮೊದಲು ನೋಡಿಬಿಟ್ಟರೆ ಯಾವುದು ಎಲ್ಲಿದೆ ಅಂತ ತಲೆಯಲ್ಲಿ ಕೂರುತ್ತದೆ.

ಎರಡನೇ ಸಲ ಆನೆಗೊಂದಿಯಿಂದ ಹೊರಟ ದಾರಿಯೇ ಬೇರೆ. ಬೆಳಿಗ್ಗೆ ಹೊಳೆಯವರೆಗೆ ನಡೆದು, ದೋಣಿಯಲ್ಲಿ ತಳವಾರಘಟ್ಟದ ಕಡೆಗೆ ದಾಟಿದೆವು. ದೋಣಿಯಲ್ಲಿ ನಾವಿಬ್ಬರು, ಒಂದು ಬೈಕು, ಅದರ ಯಜಮಾನ, ಹಾಲಿನ ಕ್ಯಾನು. ಇಳಿದು ನಡೆದರೆ ವಿಠ್ಠಲ ದೇವಸ್ಥಾನ. ಪಾರ್ಕಿಂಗ್ ಕಡೆಯಿಂದ ಬರುವವರು ಬ್ಯಾಟರಿ ಗಾಡಿಗೆ ಸಾಲು ನಿಲ್ಲುವ ಮೊದಲೇ ನಾವು ಒಳಗಿದ್ದೆವು. ಐವತ್ತರ ನೋಟಿನ ಮೇಲಿರುವ ಕಲ್ಲಿನ ರಥದ ಮುಂದೆ ಆಗ ಇದ್ದವರು ನಾವು, ಒಬ್ಬ ಕಾವಲುಗಾರ, ಒಂದು ನಾಯಿ. ಸಪ್ತಸ್ವರದ ಕಂಬಗಳನ್ನು ಬಡಿಯಲು ಈಗ ಬಿಡುವುದಿಲ್ಲ. ಒಳ್ಳೆಯದೇ ಆಯಿತು, ಇವರಿಗೆ ಕೈ ಸುಮ್ಮನಿರುವುದಿಲ್ಲ.

ಅಲ್ಲಿಂದ ಹೊಳೆಯ ಪಕ್ಕದಲ್ಲೇ ಹಂಪಿ ಬಜಾರಿಗೆ ನಡೆಯುವ ದಾರಿಯಿದೆ, ಎರಡು ಕಿಲೋಮೀಟರ್ ಆಸುಪಾಸು. ಮೊದಲ ಸಲ ನಮಗೆ ಇದು ಇದೆ ಅಂತಲೇ ಗೊತ್ತಿರಲಿಲ್ಲ. ಯಾಕಂದರೆ ಆಟೋ ಓಡುವುದು ಪಾರ್ಕಿಂಗಿನಿಂದ ಪಾರ್ಕಿಂಗಿಗೆ. ಹಂಪಿಯ ಚೆಂದ ಇರುವುದು ಆ ಎರಡು ಪಾರ್ಕಿಂಗ್‌ಗಳ ನಡುವೆ. ರಾಜನನ್ನು ತೂಗುತ್ತಿದ್ದ ತುಲಾಭಾರದ ಕಲ್ಲುಕಂಬ, ನೀರಿನ ಅಂಚಿನಲ್ಲಿ ಪುರಂದರ ಮಂಟಪ, ಸುಗ್ರೀವನ ಗುಹೆ, ಅಚ್ಯುತರಾಯ ದೇವಸ್ಥಾನದ ಮುಂದಿನ ಖಾಲಿ ಬಜಾರು, ಕೋದಂಡರಾಮ. ಮಳೆಗಾಲದಲ್ಲಿ ಪುರಂದರ ಮಂಟಪ ನೀರಿನಲ್ಲಿ ನಿಲ್ಲುತ್ತದೆ. ಜನವರಿಯಲ್ಲಿ ಒಳಗೆ ಹೋಗಿ ಕೂರಬಹುದು. ಕಂಬದ ಕಲ್ಲು ಬೆನ್ನಿಗೆ ತಣ್ಣಗೆ. ಇವರು ಬೂಟು ಬಿಚ್ಚಿ, ಸಾಕ್ಸು ಕೊಡವಿ, ಸುಮ್ನೆ ಕೂತರು. ಮಗಳು ಹುಟ್ಟಿದ ಮೇಲೆ ನಾವಿಬ್ಬರೂ ಒಂದು ಗಂಟೆ ಯಾರ ಹೆಸರೂ ಕೂಗದೆ ಕೂತದ್ದು ಆವತ್ತೇ. ಮಂಡಕ್ಕಿ ಪೊಟ್ಟಣ ಖಾಲಿಯಾದ ಮೇಲೆ ಎದ್ದೆವು.

ಹೊಸಪೇಟೆಯಲ್ಲಿ ಉಳಿದವರೂ ಈ ದಾರಿಯಲ್ಲಿ ನಡೆಯಬಹುದು. ಆಟೋದವರಿಗೆ "ವಿಠ್ಠಲದ ಹತ್ತಿರ ಬಿಡಿ, ಬಜಾರಿನ ಹತ್ತಿರ ಸಿಗಿ" ಅಂದರೆ ಆಯಿತು. ಬಜಾರು ಸೇರಿದ ಮೇಲೆ ವಿರೂಪಾಕ್ಷನ ಗುಡಿಯ ಹಿಂಭಾಗದಲ್ಲಿ ಗೋಪುರದ ತಲೆಕೆಳಗಾದ ನೆರಳು ನೋಡದೆ ಬರಬೇಡಿ. ಬೆಳಕಿಂಡಿಯಿಂದ ಬಂದ ಬೆಳಕು ಗೋಡೆಯ ಮೇಲೆ ಗೋಪುರವನ್ನು ಉಲ್ಟಾ ಬಿಡಿಸುತ್ತದೆ.

ಆದರೆ ಆನೆಗೊಂದಿಯ ದೋಣಿಗೆ ಒಂದು ಗುಣವಿದೆ, ಅದು ನಿಮಗಾಗಿ ಕಾಯುವುದಿಲ್ಲ. ಮಂಟಪದಲ್ಲಿ ಕೂತು ಕಳೆದ ಹೊತ್ತಿಗೆ ಸಂಜೆ ಲೆಕ್ಕ ತೆರಬೇಕಾಯಿತು. ಹೇಮಕೂಟದ ಮೇಲೆ ಸೂರ್ಯ ಮುಳುಗುವುದನ್ನು ಪೂರ್ತಿ ನೋಡಲೇಬೇಕು ಅಂತ ಹಟ ಹಿಡಿದವಳು ನಾನೇ. ದಡಕ್ಕೆ ಬಂದರೆ ಕಡೇ ದೋಣಿ ಹೋಗಿಯಾಗಿತ್ತು. ಆಚೆ ದಡದಲ್ಲಿ ನಮ್ಮ ಮನೆಯ ದೀಪ ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿಗೆ ಮುಟ್ಟಲು ಕಮಲಾಪುರ ಸುತ್ತಿ, ಸೇತುವೆ ದಾಟಿ, ಆಟೋಗೆ 700 ಕೊಟ್ಟೆವು. ಇವರು ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಬೆಳಿಗ್ಗೆ ದಾಟುವಾಗಲೇ ದೋಣಿಯವರನ್ನು "ಕಡೇದು ಎಷ್ಟೊತ್ತಿಗಣ್ಣಾ" ಅಂತ ಕೇಳಿಟ್ಟುಕೊಳ್ಳಿ.

ರಾತ್ರಿಗಳು ಮಾತ್ರ ಅಜಗಜಾಂತರ. ಹೊಸಪೇಟೆಯಲ್ಲಿ ಎಸಿ, ಟಿವಿ, ಫೋನಲ್ಲಿ ಕೇಳಿದರೆ ರೂಮಿಗೇ ಊಟ. ಕಿಟಕಿಯಾಚೆ ಬಸ್ಸಿನ ಹಾರ್ನು. ಬೆಂಗಳೂರಿನಲ್ಲೂ ಇರುವುದು ಅದೇ ಅಲ್ವಾ? ಆನೆಗೊಂದಿಯಲ್ಲಿ ಹಂಚಿನ ಮನೆ, ಕೆಂಪು ಗಾರೆ ನೆಲ, ಫ್ಯಾನು, ಸೊಳ್ಳೆ ಪರದೆ. ಬಿಸಿನೀರು ಹಿತ್ತಲಿನ ಹಂಡೆಯಿಂದ ಬಕೆಟ್ಟಿನಲ್ಲಿ. ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಮ್ಮ ಒಲೆಯ ಮುಂದೆ ಕೂತು ಒಂದೊಂದೇ ರೊಟ್ಟಿ ತಟ್ಟಿ ಹಾಕುತ್ತಿದ್ದರು. ನಾನು ಮೂರಕ್ಕೆ ಸಾಕು ಅಂದೆ. "ಸಿಟಿ ಮಂದಿ ಹೊಟ್ಟಿ ಗುಬ್ಬಿ ಹೊಟ್ಟಿ" ಅಂತ ಇನ್ನೊಂದು ಹಾಕಿದರು. ಎಂಟೂವರೆಗೆ ಊರು ಮಲಗಿತು. ಆಮೇಲೆ ಗದ್ದೆಯ ಪಂಪ್‌ಸೆಟ್ಟು, ಕಪ್ಪೆ, ಎರಡೇ ಸದ್ದು. ಕರೆಂಟು ಹೋದಾಗ ಜಗಲಿಯಲ್ಲಿ ಕೂತೆವು.

ಸಣಾಪುರ ಕೆರೆ ಇಲ್ಲಿಂದ ಹತ್ತಿರ. ತೆಪ್ಪದಲ್ಲಿ ಕೂರಿಸಿ ಗಿರಗಿರ ತಿರುಗಿಸುತ್ತಾರೆ. ಲೈಫ್ ಜಾಕೆಟ್ ಕೊಡದವರ ತೆಪ್ಪ ಹತ್ತಬೇಡಿ. ಹಗಲಲ್ಲಿ ಹೋಗಿ ಬನ್ನಿ. ರಾತ್ರಿ ನಕ್ಷತ್ರ ನೋಡೋಣ ಅಂತ ಇಬ್ಬರೇ ಕೆರೆ, ಕಾಲುವೆ ಕಡೆ ಹೋಗಬೇಡಿ. ನಮಗೂ ಅಮ್ಮ ಅದನ್ನೇ ಗದರಿ ಹೇಳಿದರು.

ಬೆಳಗಿನ ಸೂರ್ಯನಿಗೆ ಎರಡು ಬೆಟ್ಟಗಳ ಪೈಪೋಟಿ. ಆನೆಗೊಂದಿ ಕಡೆ ಅಂಜನಾದ್ರಿ, ಹನುಮಂತ ಹುಟ್ಟಿದ್ದು ಇಲ್ಲೇ ಅಂತ ನಂಬಿಕೆ. 575 ಮೆಟ್ಟಿಲು, ಕಟ್ಟಿದ ದಾರಿ, ಕಷ್ಟವಿಲ್ಲ. ಆದರೆ ನಾವು ಹೋದದ್ದು ಶನಿವಾರ. ಮೇಲೆ ಕಾಲಿಡಲು ಜಾಗವಿರಲಿಲ್ಲ, ಜೊತೆಗೆ ಕೋತಿಗಳು. ನನ್ನ ಕೈಯಿಂದ ಬಾಳೆಹಣ್ಣಿನ ಚೀಲವೇ ಹೋಯಿತು. ಹಂಪಿ ಕಡೆ ಮಾತಂಗ ಬೆಟ್ಟ. ದಾರಿ ಒರಟು, ಟಾರ್ಚು ಬೇಕು, ನಾಲ್ಕು ಜನ ಹತ್ತುವ ಹೊತ್ತಿಗೇ ಹತ್ತಬೇಕು. ಮೊದಲ ಸಲ ಹೊಸಪೇಟೆಯಿಂದ ಐದಕ್ಕೇ ಹೊರಟರೂ ನಾವು ಅರ್ಧ ಹತ್ತುವಾಗ ಬೆಳಕಾಗಿಬಿಟ್ಟಿತ್ತು. ಆದರೂ ಮೇಲಿಂದ ಕೆಳಗೆ ಅಚ್ಯುತರಾಯ ದೇವಸ್ಥಾನ, ಪ್ರಾಕಾರ ಒಳಗೆ ಪ್ರಾಕಾರ, ಯಾರೋ ನಕ್ಷೆ ಬಿಡಿಸಿ ಹಾಸಿದ ಹಾಗೆ ಕಾಣುತ್ತಿತ್ತು. ಇಬ್ಬರೇ ಹೋಗುವುದಾದರೆ ನನ್ನ ಓಟು ಮಾತಂಗಕ್ಕೆ.

ಸೈಕಲ್ಲು, ಸ್ಕೂಟರು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆನೆಗೊಂದಿ ಒಳಗೆ ಗಗನ ಮಹಲ್, ರಂಗನಾಥನ ಗುಡಿ, ಬಾಳೆನಾರಿನ ಚೀಲ ಹೆಣೆಯುವ ಹೆಂಗಸರು, ಇದಕ್ಕೆಲ್ಲ ನಡಿಗೆಯೇ ಸಾಕು. ಸಣಾಪುರ, ಅಂಜನಾದ್ರಿಗೆ ಸ್ಕೂಟರು. ಕಮಲಾಪುರ ಕಡೆಯ ಅರಮನೆ ಆವರಣಕ್ಕೆ ಆಟೋ. ಸೈಕಲ್ ತುಳಿದು ಅಲ್ಲಿಗೆ ಹೋದ ನಾವು ಮಹಾನವಮಿ ದಿಬ್ಬದ ನೆರಳಲ್ಲಿ ಅರ್ಧ ಗಂಟೆ ಮಾತಾಡುವ ಸ್ಥಿತಿಯಲ್ಲೇ ಇರಲಿಲ್ಲ. ಅದೂ ಜನವರಿಯ ಬಿಸಿಲು. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಹೋಗಲೇಬೇಡಿ.

ಖರ್ಚು ಹೆಚ್ಚುಕಡಿಮೆ ಒಂದೇ. ಹೊಸಪೇಟೆಯಲ್ಲಿ ರೂಮು ಅಗ್ಗ, ಆಟೋ ದುಬಾರಿ. ಆನೆಗೊಂದಿಯಲ್ಲಿ ರೂಮಿನ ಬಾಡಿಗೆಯಲ್ಲೇ ಊಟ ಸೇರಿತ್ತು, ಆದರೆ ಸೇತುವೆ ಸುತ್ತಿದ ಆಟೋ ಅದನ್ನು ಸರಿ ಮಾಡಿತು. ಒಂದು ಎಚ್ಚರಿಕೆ: ಹಳೇ ಪ್ರವಾಸ ಲೇಖನಗಳಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ಹೆಸರು ಇನ್ನೂ ಇರುತ್ತವೆ. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ಅವನ್ನು ಕೆಡವಿದರು. ಅದನ್ನು ನಂಬಿ ಹೊರಡಬೇಡಿ.

ಮೊದಲ ಸಲ ಹಂಪಿ ನೋಡುವವರು, ಜೊತೆಗೆ ಮಂಡಿನೋವಿನವರು, ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗುವವರು ಹೊಸಪೇಟೆಯಲ್ಲೇ ಉಳಿಯಿರಿ. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರೆ ದೋಣಿ, ತೆಪ್ಪ ಎಲ್ಲ ಬಂದ್, ಆನೆಗೊಂದಿಯ ಅರ್ಧ ಸುಖ ಅಲ್ಲಿಗೇ ಹೋಯಿತು. ಆಗ ಡ್ಯಾಮನ್ನೇ ನೋಡಿ, 33 ಗೇಟುಗಳು. 2024ರ ಆಗಸ್ಟ್‌ನಲ್ಲಿ ಚೈನು ತುಂಡಾಗಿ ಕೊಚ್ಚಿಹೋದದ್ದು 19ನೆಯದು. ಎಲ್ಲ ಗುಡಿಗೂ ಹಾಜರಿ ಹಾಕಲೇಬೇಕು ಅನ್ನುವ ಹಟ ಇಲ್ಲದವರಿಗೆ ಆನೆಗೊಂದಿ. ಇವರನ್ನು ಕೇಳಿದರೆ ಇನ್ನೂ ಹೊಸಪೇಟೆ ಅನ್ನುತ್ತಾರೆ. 700 ರೂಪಾಯಿ ಅಷ್ಟು ಬೇಗ ಮರೆಯುವ ಜನ ಅಲ್ಲ.

ಹೊರಡುವ ದಿನ ಅಮ್ಮ ಶೇಂಗಾ ಚಟ್ನಿಪುಡಿಯನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮಗಳಿಗೆ ಅಂತ ಕೊಟ್ಟರು. ರೈಲಿನಲ್ಲಿ ಎಣ್ಣೆ ಇಳಿದು ಇವರ ಬಿಳಿ ಅಂಗಿಗೆ ಕಲೆಯಾಯಿತು. ಹೊಸಪೇಟೆಯ ಲಾಡ್ಜಿನವರೂ ನಮ್ಮನ್ನು ಮರೆತಿಲ್ಲ. ಪ್ರತಿ ದೀಪಾವಳಿಗೆ ಮೆಸೇಜು ಬರುತ್ತದೆ, ನನ್ನ ಅಪ್ಪನ ಮನೆ ಇನಿಷಿಯಲ್ ಸಮೇತ.