ಹುಳದ ಪುಡಿ ಒಳ್ಳೆಯದೇ, ಆದರೆ ಒಂದು ಚೀಲದಂತೆ ಇನ್ನೊಂದಿಲ್ಲ

ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಹುಳ ಒಣಗಿಸಿ ಮಾಡಿದ ಪುಡಿಯನ್ನು ನಮ್ಮ ಜಿಲೇಬಿ (ತಿಲಾಪಿಯಾ) ಮೀನಿಗೆ ಹಾಕಲು ಶುರು ಮಾಡಿ ಎರಡು ವರ್ಷದ ಮೇಲಾಯಿತು. ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು ಅನ್ನುವುದೆಲ್ಲ ಚೀಲದ ಮೇಲೇ ಇರುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ. ಚೀಲದ ಮೇಲೆ ಇಲ್ಲದ ಒಂದು ವಿಷಯ ಇದೆ, ಅದನ್ನು ಹೇಳಬೇಕು.

ನಮ್ಮದು ರಾಮನಗರದ ಕಡೆ ಸಣ್ಣ ಹೊಂಡ. ಅಂಗಡಿಯ ತೇಲುವ ಫೀಡನ್ನೇ ಪೂರ್ತಿ ಹಾಕುತ್ತಾ ಕೂತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ಮೀನಿನ ತಿಂಡಿ ಮನೆಯಲ್ಲೇ ತಯಾರಾಗುತ್ತದೆ. ಕಡಲೆಕಾಯಿ ಹಿಂಡಿಯನ್ನು ರಾತ್ರಿ ನೆನೆಹಾಕುತ್ತೇವೆ. ಬೆಳಿಗ್ಗೆ ಅಕ್ಕಿ ತೌಡು, ಒಂದಿಷ್ಟು ಮಿನರಲ್ ಮಿಕ್ಸ್, ಅಂಟು ಬರಲಿ ಅಂತ ಮರಗೆಣಸಿನ ಹಿಟ್ಟಿನ ಗಂಜಿ ಹಾಕಿ ಕಲಸುವುದು. ಹಳೇ ಶ್ಯಾವಿಗೆ ಒರಳಲ್ಲಿ ಒತ್ತಿ, ಟಾರ್ಪಾಲಿನ ಮೇಲೆ ಹರಡಿ, ಬಿಸಿಲಿಗೆ ಗರಿಗರಿ ಒಣಗಿದ ಮೇಲೆ ಕೈಯಲ್ಲೇ ಮುರಿಯುವುದು. ನನ್ನ ದಿನದ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಇದೇ.

ಇದಕ್ಕೆ ಮೊದಲು ಒಣಮೀನಿನ ಪುಡಿ ಸೇರಿಸುತ್ತಿದ್ದೆವು. ಅದರಲ್ಲಿ ಮರಳು, ಉಪ್ಪು ಜಾಸ್ತಿ. ಅದಕ್ಕಿಂತ ಮನಸ್ಸಿಗೆ ಬೇಜಾರಾಗುತ್ತಿದ್ದ ವಿಷಯ ಬೇರೆ. ಉಳ್ಳಾಲ, ಮಲ್ಪೆ ಕಡೆಯ ಫಿಶ್ ಮೀಲ್ ಕಾರ್ಖಾನೆಗಳಿಗೆ ಹೋಗುವುದರಲ್ಲಿ ಬೂತಾಯಿಯೂ ಇದೆ. ಕರಾವಳಿಯಲ್ಲಿ ಬಡವರ ಮನೆಯ ಸಾರಿಗೆ ಬೀಳುವ ಮೀನು ಅದು. ಅದನ್ನು ಅರೆದು ನಮ್ಮ ಹೊಂಡದ ಮೀನಿಗೆ ಹಾಕುವುದು ನನಗೆ ಸರಿ ಅನ್ನಿಸುತ್ತಿರಲಿಲ್ಲ. ದರದ ತಲೆನೋವೂ ಇತ್ತು. 2023ರಲ್ಲಿ ಎಲ್ ನಿನೋ ಹೊಡೆತಕ್ಕೆ ಪೆರು ದೇಶ ಫಿಶ್ ಮೀಲಿಗೆ ಹೋಗುವ ಆಂಚೊವಿ ಮೀನು ಹಿಡಿಯುವ ಮೊದಲ ಹಂಗಾಮನ್ನೇ ರದ್ದು ಮಾಡಿತು, ಫಿಶ್ ಮೀಲ್ ಎಲ್ಲ ಕಡೆ ದುಬಾರಿಯಾಯಿತು. ಎಲ್ಲೋ ಇರುವ ಸಮುದ್ರ ಬಿಸಿಯಾದರೆ ಇಲ್ಲಿ ನನ್ನ ಲೆಕ್ಕ ತಪ್ಪಬೇಕಾ?

ಹುಳದ ಪುಡಿಯ ಮೊದಲ ಚೀಲ ಬಿಚ್ಚಿದಾಗ ನಿಜಕ್ಕೂ ಖುಷಿಯಾಯಿತು. ತಿಳಿ ಕಂದು ಬಣ್ಣ, ಹುರಿದ ಕಡಲೆಕಾಯಿಯಂಥ ಘಮ. ಕಲಸಿದ ಹಿಟ್ಟು ಕೈಗೆ ಮೆತ್ತಗೆ ಸಿಗುತ್ತಿತ್ತು, ಒರಳಲ್ಲಿ ಸಲೀಸಾಗಿ ಇಳಿಯುತ್ತಿತ್ತು. ಮೀನುಗಳಂತೂ ಬಿಡಲೇ ಇಲ್ಲ. ಹೊಂಡದಲ್ಲಿ ಒಂದು ಚೆಕ್ ಟ್ರೇ ಇಟ್ಟಿದ್ದೇವೆ, ಕಬ್ಬಿಣದ ರಿಂಗಿಗೆ ಬಲೆ ಕಟ್ಟಿದ್ದು. ತಿಂಡಿ ಹಾಕಿ ಅರ್ಧ ಗಂಟೆ ಬಿಟ್ಟು ಎತ್ತಿ ನೋಡಿದರೆ ಬಲೆ ಖಾಲಿ. ಮರಿಗಳ ಬೆಳವಣಿಗೆಯೂ ಒಣಮೀನು ಹಾಕುತ್ತಿದ್ದಾಗಿನಷ್ಟೇ ಇತ್ತು, ಒಂದು ಚೂರೂ ಹಿಂದೆ ಬೀಳಲಿಲ್ಲ. ಸಿಕ್ಕಿದವರಿಗೆಲ್ಲ ತಗೊಳ್ಳಿ ತಗೊಳ್ಳಿ ಅಂತ ಹೇಳಿಕೊಂಡು ಓಡಾಡಿದೆ.

ಆಮೇಲೆ ಬಂತು ಕಪ್ಪು ಚೀಲ. ಅದೇ ಕಂಪನಿ, ಅದೇ ಲೇಬಲ್, ಅದೇ ದರ. ಒಳಗಿನ ಪುಡಿ ಮಾತ್ರ ಕಾಫಿ ಚರಟದ ಬಣ್ಣ, ಮುಟ್ಟಿದರೆ ಒರಟು. ರಾಗಿ ಜರಡಿಯಲ್ಲಿ ಆಡಿಸಿದರೆ ಮೇಲೆ ಸಿಪ್ಪೆಯೋ ಸಿಪ್ಪೆ. ಅವತ್ತು ಸಂಜೆ ಚೆಕ್ ಟ್ರೇ ಎತ್ತಿದರೆ ಬಲೆಯ ತುಂಬ ಸಣ್ಣ ಸಣ್ಣ ಕಪ್ಪು ಚೂರು. ಮೀನು ಬಾಯಿಗೆ ತಗೊಂಡು ಉಗಿಯುತ್ತಿದ್ದವು. ಫೋನ್ ಮಾಡಿ ಕೇಳಿದರೆ "ಎಲ್ಲಾ ಒಂದೇ ಮಾಲು ಸಾರ್" ಅಂದರು.

ಒಂದೇ ಮಾಲು ಅಲ್ಲ. ಈ ಹುಳದ ಬದುಕು ಗೊತ್ತಿದ್ದರೆ ಕಾರಣ ಹೊಳೆಯುತ್ತದೆ. ಮೊಟ್ಟೆ ಇಟ್ಟ ನಾಲ್ಕೈದು ದಿನಕ್ಕೆ ಅದು ಒಡೆದು ಮರಿಹುಳ ಆಚೆ ಬರುತ್ತದೆ. ತರಕಾರಿ ಕಸ, ಹಣ್ಣಿನ ಸಿಪ್ಪೆ ತಿಂದು ಎರಡು ಮೂರು ವಾರದಲ್ಲಿ ಕೆನೆ ಬಣ್ಣಕ್ಕೆ ತಿರುಗಿ ದಪ್ಪಗಾಗುತ್ತದೆ. ಮೀನಿಗೆ ಬೇಕಾದ್ದು ಆ ಹಂತದ ಹುಳ. ಅದು ದಾಟಿದರೆ ಹುಳ ತಿನ್ನುವುದನ್ನು ನಿಲ್ಲಿಸಿ ಕಪ್ಪಾಗುತ್ತದೆ, ಚರ್ಮ ಗಟ್ಟಿಯಾಗುತ್ತದೆ, ಒಣ ಜಾಗ ಹುಡುಕಿಕೊಂಡು ತಾನೇ ತೊಟ್ಟಿಯಿಂದ ಹತ್ತಿ ಬರುತ್ತದೆ. ಕೆನೆ ಹುಳವನ್ನಾದರೆ ಕಸದಿಂದ ಜರಡಿ ಹಿಡಿದು ಬೇರ್ಪಡಿಸಬೇಕು. ಕಪ್ಪು ಹುಳ ತಾನಾಗೇ ಬಂದು ಡಬ್ಬಕ್ಕೆ ಬೀಳುತ್ತದೆ, ಸಾಕುವವರಿಗೆ ಕೂಲಿ ಉಳಿಯಿತು. ನಮಗೆ ಬರುವುದು ಕೈಟಿನ್ ಅನ್ನುವ ಗಟ್ಟಿ ಸಿಪ್ಪೆ. ಅದು ಮೀನಿಗೆ ಸರಿಯಾಗಿ ಅರಗುವುದಿಲ್ಲ. ಲ್ಯಾಬಿನಲ್ಲಿ ಪ್ರೋಟೀನ್ ಲೆಕ್ಕ ಹಾಕುವುದು ಸಾರಜನಕ ನೋಡಿ. ಕೈಟಿನ್‌ನಲ್ಲೂ ಸಾರಜನಕ ಇರುವುದರಿಂದ ಸಿಪ್ಪೆಯೂ ಪ್ರೋಟೀನ್ ಲೆಕ್ಕಕ್ಕೇ ಸೇರಿಬಿಡುತ್ತದೆ. ಲೇಬಲ್ ಚೆನ್ನಾಗಿ ಕಾಣುವುದೂ ಟ್ರೇನಲ್ಲಿ ಚೂರು ಉಳಿಯುವುದೂ ಒಟ್ಟಿಗೇ ನಡೆಯುವುದು ಹೀಗೆ. ಹಿಂಡಿಯ ಎರಡು ಪಟ್ಟಿಗೂ ಜಾಸ್ತಿ ದುಡ್ಡು ಕೊಟ್ಟು ಸಿಪ್ಪೆ ತರಬೇಕಾ? ನನಗೆ ಸಿಟ್ಟು ಬಂದಿದ್ದು ಅದಕ್ಕೆ.

"ರಾಮನಗರದಲ್ಲಿದ್ದುಕೊಂಡು ರೇಷ್ಮೆ ಹುಳ ಬಿಟ್ಟು ಇದನ್ಯಾಕೆ ತರ್ತೀರಿ" ಅಂತ ಸುಮಾರು ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ, ಅಂದರೆ ಗೂಡಿನೊಳಗಿನ ಹುಳ, ನಮ್ಮಲ್ಲಿ ಅಗ್ಗ, ಪ್ರೋಟೀನೂ ಭರ್ಜರಿ. ಅದರ ಎಣ್ಣೆಯೇ ತೊಂದರೆ. ಗಾಳಿಗೆ ಬೇಗ ಕಮಟು ಹತ್ತುತ್ತದೆ. ಜಪಾನಿನಲ್ಲಿ ಇಂಥ ಕಮಟು ಹತ್ತಿದ ಪ್ಯೂಪಾ ತಿಂದ ಗೆಂಡೆ ಮೀನುಗಳಿಗೆ ಬೆನ್ನಿನ ಮಾಂಸ ಕರಗುವ ರೋಗ ಬಂದಿತ್ತು, ಅದಕ್ಕೆ ಸೆಕೊಕೆ ಅನ್ನುತ್ತಾರೆ. ಎಣ್ಣೆ ತೆಗೆದ ಪ್ಯೂಪಾ ಸಿಕ್ಕರೆ ನಾನೂ ಹಾಕುತ್ತೇನೆ. ಸೋಲ್ಜರ್ ಫ್ಲೈ ಹುಳದ ಕೊಬ್ಬಿನಲ್ಲಿ ತೆಂಗಿನ ಎಣ್ಣೆಯಲ್ಲಿರುವ ಲಾರಿಕ್ ಆಮ್ಲ ಜಾಸ್ತಿ, ಅಷ್ಟು ಬೇಗ ಕೆಡುವುದಿಲ್ಲ. ಮಳೆಗಾಲದಲ್ಲಿ ಈ ಗುಣ ನನ್ನನ್ನು ಕಾಪಾಡಿದೆ.

ಹೊಂಡದ ಹತ್ತಿರವೇ ಮೀನು ಕೊಳ್ಳಲು ಬರುವ ಅಕ್ಕ ಒಬ್ಬರು "ಹುಳ ತಿಂದ ಮೀನಾ?" ಅಂತ ಮುಖ ಹಿಂಡಿದ್ದರು. ಕೆರೆ ಮೀನು ತಿನ್ನುವುದೂ ಹುಳವನ್ನೇ ಅಲ್ವಾ ಅಂದೆ. ಈ ನೊಣ ಕಚ್ಚುವುದಿಲ್ಲ, ಮನೆನೊಣದ ಹಾಗೆ ಅನ್ನದ ಮೇಲೆ ಕೂರುವುದೂ ಇಲ್ಲ. ಯುರೋಪಿನಲ್ಲಿ 2017ರಿಂದಲೇ ಸಾಕಿದ ಮೀನಿಗೆ ಹುಳದ ಪ್ರೋಟೀನ್ ಹಾಕಲು ಅನುಮತಿ ಇದೆ. ಇದನ್ನೆಲ್ಲ ಹೇಳಿದೆ. ಅವರು ಈಗಲೂ ಬರುತ್ತಾರೆ.

ಈಗ ಮರಿ ಹೊಂಡಕ್ಕೆ ಈ ಪುಡಿ ತಪ್ಪಿಸುವುದಿಲ್ಲ. ದೊಡ್ಡ ಮೀನಿಗೆ ಒಣಮೀನಿನ ಅರ್ಧ ಭಾಗದ ಬದಲಿಗೆ ಮಾತ್ರ ಇದನ್ನು ಹಾಕುತ್ತೇನೆ. ಮೀನಿಗೆ ಬೇಕಾದ ಮೆಥಿಯೊನಿನ್ ಅನ್ನುವ ಅಮೈನೊ ಆಮ್ಲ ಇದರಲ್ಲಿ ಕಡಿಮೆ, ಪೂರ್ತಿ ನಂಬಿಕೊಳ್ಳುವಂತಿಲ್ಲ. ಬರೀ ಕಾಟ್ಲಾ, ರೋಹು ಸಾಕುವವರಿಗೆ ಇಷ್ಟು ದುಡ್ಡು ಬೇಡ, ಹಿಂಡಿ ತೌಡು ಸಾಕು.

ಚೀಲವನ್ನು ಅಂಗಡಿಯಲ್ಲೇ ಬಿಚ್ಚಿಸಿ, ಒಂದು ಹಿಡಿ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ ತನ್ನಿ. ಕಪ್ಪು ಸಿಪ್ಪೆ ಎದ್ದು ಕಂಡರೆ ಬಿಡಿ. ಕಂಪನಿಯವರಿಗೂ ಹೇಳಿದ್ದೇನೆ: ಹುಳ ಯಾವ ಹಂತದಲ್ಲಿ ತೆಗೆದಿದ್ದು, ಅದಕ್ಕೆ ಏನು ತಿನ್ನಿಸಿದ್ದು, ಒಣಗಿಸಿದ ತಾರೀಕು ಯಾವುದು, ಇಷ್ಟನ್ನು ಚೀಲದ ಮೇಲೆ ಅಚ್ಚು ಹಾಕಿ. ಅಂಥ ಚೀಲ ಬಂದರೆ ಕೆಜಿಗೆ ಹತ್ತು ರೂಪಾಯಿ ಜಾಸ್ತಿ ಕೊಟ್ಟಾದರೂ ತರುತ್ತೇನೆ. ಸದ್ಯಕ್ಕೆ ಈ ಪುಡಿಗೆ ನನ್ನ ಅಂಕ ಐದಕ್ಕೆ ಮೂರು.